ತಾಯಿ ಕಾರ್ಡ್ ಕೇಳಿ, ಜೂನ್‌ವರೆಗೆ ಕಾಯಬೇಡಿ

ಇವರಿಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ.

ಮಾನ್ಯರೇ,

ನಾನು ಸಾಗರ ತಾಲೂಕಿನವನು. ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಎರಡು ಎಕರೆ ಅಡಿಕೆ ತೋಟವಿದೆ, ಇಬ್ಬರು ಮಕ್ಕಳಿದ್ದಾರೆ. ಮಕ್ಕಳು ಊರಿನ ಸರ್ಕಾರಿ ಶಾಲೆಗೇ ಹೋಗುವುದರಿಂದ, ಮತ್ತು ಸಭೆಯ ದಿನ ಬೇರೆ ಯಾರೂ ಒಪ್ಪದೆ ಹೋದದ್ದರಿಂದ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷನೂ ಆಗಿದ್ದೇನೆ. ಕೊನೆ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾಗಿದೆ, ಬರೆಯಲು ಕೂತಿದ್ದೇನೆ. ಜನವರಿಯಲ್ಲೇ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಅದೇ ಈ ಪತ್ರದ ವಿಷಯ: ಮಗುವಿಗೆ ಹಾಕಿಸಿದ ಲಸಿಕೆಗಳನ್ನೆಲ್ಲ ಬರೆದಿಡುವ ತಾಯಿ ಕಾರ್ಡನ್ನು ಶಾಲೆಯವರು ಯಾವಾಗ, ಹೇಗೆ ಕೇಳಬೇಕು ಅನ್ನುವುದು.

ಕಳೆದ ಜೂನ್‌ನಲ್ಲಿ, 2025ರ ಶಾಲಾರಂಭದ ವೇಳೆಗೆ, ಒಂದನೇ ತರಗತಿಗೆ ಸೇರುವ ಮಕ್ಕಳ ಲಸಿಕೆ ವಿವರವನ್ನೂ ಬರೆದಿಟ್ಟುಕೊಳ್ಳೋಣ ಅಂತ ನಮ್ಮ ಮೇಷ್ಟ್ರು ಹೇಳಿದರು. ಒಳ್ಳೆಯ ಮಾತು. ನನಗೆ ಹುರುಪು ಹೆಚ್ಚಾಯಿತು. ನೋಟಿಸ್ ನಾನೇ ಬರೆದೆ. "ಲಸಿಕೆ ದಾಖಲೆ ಕಡ್ಡಾಯ. ತರದವರಿಗೆ ಪ್ರವೇಶವಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆದು ಶಾಲೆಯ ಬಾಗಿಲಿಗೂ ಸೊಸೈಟಿಯ ಗೋಡೆಗೂ ಅಂಟಿಸಿ ಬಂದೆ. ಎರಡನೇ ವಾಕ್ಯವನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಸರ್ಕಾರಿ ನೋಟಿಸ್ ಅಂದರೆ ಹಾಗೇ ಇರಬೇಕು ಎಂದು ಕೈ ತಾನಾಗಿ ಬರೆಯಿತು. ಮೇಷ್ಟ್ರು ಓದಿ, "ಇಷ್ಟು ಜೋರು ಬೇಕಿತ್ತಾ?" ಅಂದರು. ನಾನು, "ಜೋರಿಲ್ಲದಿದ್ದರೆ ನಮ್ಮವರು ಕೇಳ್ತಾರಾ ಸಾರ್?" ಅಂದೆ.

ಆ ವರ್ಷ ಒಂದಕ್ಕೆ ಸೇರಬೇಕಿದ್ದದ್ದು ಒಂಬತ್ತು ಮಕ್ಕಳು. ಕಾರ್ಡ್ ಹಿಡಿದುಕೊಂಡು ಬಂದವರು ಇಬ್ಬರು. ಉಳಿದವರು "ನಾಳೆ ತರ್ತೀವಿ" ಅಂದರು. ಮಳೆಗಾಲದ ನಾಳೆ ಎಷ್ಟು ಉದ್ದದ್ದು ಅಂತ ಈ ಕಡೆಯವರಿಗೆ ಗೊತ್ತು. ಒಬ್ಬ ಹುಡುಗಿ ಮಾತ್ರ ಮೂರನೇ ದಿನದಿಂದ ಶಾಲೆಗೇ ಬರಲಿಲ್ಲ. ಅವಳ ಅಪ್ಪ-ಅಮ್ಮ ಬಯಲುಸೀಮೆಯವರು. ಅಡಿಕೆ ಸುಲಿಯುವ ಕೆಲಸಕ್ಕೆಂದು ಬಂದು ಇಲ್ಲಿಯೇ ಉಳಿದವರು. ಎಂಟು ದಿನವಾದ ಮೇಲೆ ನಾನು ಅವರ ಬಿಡಾರಕ್ಕೆ ಹೋದೆ. ಆ ತಾಯಿ ನನ್ನನ್ನು ಕಂಡವಳೇ ಎದ್ದು ನಿಂತಳು. "ಕಾರ್ಡ್ ಕಳದೈತ್ರಿ ಸಾಹೇಬ್ರ. ಸೂಜಿ ಎಲ್ಲಾ ಹಾಕಿಸೇನಿ, ಆಣಿ ಮಾಡ್ತೀನಿ. ಹುಡುಗೀನ್ನ ಸಾಲಿಗೆ ಕರ್ಕೋರಿ." ನನ್ನನ್ನು ಯಾರೂ ಸಾಹೇಬ್ರು ಅಂದಿರಲಿಲ್ಲ ಅಲ್ಲಿಯವರೆಗೆ. ಒಂದು ಕಾಗದಕ್ಕೆ ಆಣೆ ಮಾಡಿಸುವ ಸಾಹೇಬ ನಾನಾಗಿದ್ದೆ. ಅವತ್ತೇ ಸಂಜೆ ಹೋಗಿ ನೋಟಿಸಿನ ಎರಡನೇ ಸಾಲಿನ ಮೇಲೆ ಮಸಿ ಬಳಿದೆ. ಹುಡುಗಿ ಮರುದಿನ ಬಂದಳು.

ಇನ್ನು ನನ್ನ ಮನೆಯದು. ಹೇಳಿಕೊಳ್ಳಲು ನಾಚಿಕೆ, ಆದರೆ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ಆ ಒಂಬತ್ತು ಮಕ್ಕಳಲ್ಲಿ ಒಬ್ಬ ನನ್ನ ಮಗನೇ. ಕಾರ್ಡ್ ತರದ ಏಳು ಜನರಲ್ಲಿ ಒಬ್ಬ ನಾನೇ! ಊರಿಗೆಲ್ಲ ನೋಟಿಸ್ ಹಚ್ಚಿ ಮನೆಗೆ ಬಂದು, "ಎಲ್ಲಿದೆಯೇ ತಾಯಿ ಕಾರ್ಡು?" ಅಂದೆ. ಹೆಂಡತಿ, "ಅಮ್ಮನ ಮನೇಲಿ" ಅಂದಳು.

ಅಧಿಕಾರಿಗಳು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ ಇದು ಅನ್ನಿಸುತ್ತದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು. ಎರಡನೆಯದೂ ಬಹಳ ಸಲ ಅಲ್ಲಿಯೇ. ನನ್ನ ಹೆಂಡತಿಯ ತವರು ಹಾನಗಲ್ ಕಡೆ. ಮಗ ಹುಟ್ಟಿದ್ದು 2019ರ ಮಾರ್ಚಿನಲ್ಲಿ. ಅರಳಗೋಡಿನಲ್ಲಿ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಬೇಸಿಗೆ ಅದು. ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯಂತೆ ಅನ್ನುವ ಸುದ್ದಿ ಬಂದರೆ ಸಾಕು, ದರಗು (ಒಣ ಎಲೆ) ತರಲು ಯಾರೂ ಹೋಗುತ್ತಿರಲಿಲ್ಲ. ಬಸುರಿಯನ್ನು ಇಲ್ಲಿ ಇಟ್ಟುಕೊಳ್ಳುವುದು ಬೇಡವೆಂದು ತಿಂಗಳು ಮುಂಚೆಯೇ ಕಳಿಸಿದ್ದೆವು. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ, ಪೋಲಿಯೊ ಹನಿ, ಕಾಮಾಲೆಯ ಚುಚ್ಚುಮದ್ದು ಅಲ್ಲಿಯೇ ಆದವು. ಆರು, ಹತ್ತು, ಹದಿನಾಲ್ಕು ವಾರದವೂ ಅಲ್ಲಿಯೇ. ಮಗು ಐದು ತಿಂಗಳದ್ದಾಗಿ ತೊಟ್ಟಿಲ ಸಮೇತ ಇಲ್ಲಿಗೆ ಬಂತು, ಕಾರ್ಡ್ ಬಂತು, ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಇಲ್ಲಿ ಹಾಕಿಸಿದೆವು. ಆಮೇಲೆ ಯಾವುದೋ ಮದುವೆಗೆ ತವರಿಗೆ ಹೋದಾಗ, "ಮಗುವಿಗೆ ಜ್ವರ ಗಿರ ಬಂದರೆ ಬೇಕಾದೀತು" ಅಂತ ಕಾರ್ಡನ್ನೂ ಒಯ್ದಿದ್ದಾಳೆ. ಕಾರ್ಡ್ ಅಲ್ಲಿಯೇ ಉಳಿಯಿತು. ಆಮೇಲೆ ಕೊರೊನಾ ಬಂತು.

ನಾನು ಅತ್ತೆಗೆ ಫೋನ್ ಮಾಡಿದೆ. ಅವರು ಟ್ರಂಕಿನಿಂದ ಹುಡುಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸಾಗರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಸಾಗರದಲ್ಲಿ ಅದನ್ನು ಇಸಿದುಕೊಂಡು ಹೊಳೆಬಾಗಿಲಿಗೆ ಬಂದು ಹಿನ್ನೀರು ದಾಟುವ ಲಾಂಚು ಹತ್ತಿದೆ. ಆ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು ಜುಲೈ 14ಕ್ಕೆ, ನನ್ನ ಕಾರ್ಡ್ ಬಂದದ್ದು ಅದಕ್ಕಿಂತ ಮೂರು ವಾರ ಮುಂಚೆ. ಲಾಂಚಿನಲ್ಲಿ ಕೂತು ಕಾರ್ಡ್ ಬಿಡಿಸಿ ನೋಡಿದರೆ ಒಂದೂವರೆ ವರ್ಷದ ಸಾಲು ಪೂರ್ತಿ ಖಾಲಿ. ದಡಾರ-ರುಬೆಲ್ಲಾದ ಎರಡನೇ ಡೋಸ್ ಇಲ್ಲ, ಮೂರು ಕಾಯಿಲೆಗೆ ಒಟ್ಟಿಗೆ ಹಾಕುವ ಡಿಪಿಟಿಯ ಬೂಸ್ಟರ್ ಇಲ್ಲ. ಐದು ವರ್ಷದ ಸಾಲೂ ಖಾಲಿ.

ಹೆಂಡತಿ ಒಪ್ಪಲಿಲ್ಲ. "ಕೊರೊನಾ ಟೈಮಲ್ಲಿ ಸಿಸ್ಟರ್ ಮನೆಗೇ ಬಂದು ಅಂಗಳದಲ್ಲೇ ಹಾಕಿದಾರೆ. ಮುಖಕ್ಕೆ ಆ ಪ್ಲಾಸ್ಟಿಕ್ ಕಟ್ಕೊಂಡಿದ್ರು, ಇವ ಹೆದರಿ ಕೊಟ್ಟಿಗೆಗೆ ಓಡಿದ್ದ. ನೀವು ತೋಟದಲ್ಲಿದ್ರಿ" ಅಂದಳು. ಉಪಕೇಂದ್ರಕ್ಕೆ ಹೋದೆವು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅನ್ನುವ ಉದ್ದನೆಯ ಹೆಸರಿರುವ, ನಾವು ಮಾತ್ರ ಸಿಸ್ಟರ್ ಅಂತಲೇ ಕರೆಯುವ ಆ ಹೆಣ್ಣುಮಗಳು ಹಳೆಯ ರಿಜಿಸ್ಟರ್ ತೆಗೆದು ಹತ್ತು ನಿಮಿಷದಲ್ಲಿ ಹುಡುಕಿ ತೋರಿಸಿದರು. ಎರಡೂ ಸೂಜಿ ಆಗಿದ್ದವು, ತಾರೀಖಿನ ಸಮೇತ. ಕಾರ್ಡ್ ಮನೆಯಲ್ಲಿ ಇರಲಿಲ್ಲವಾದ್ದರಿಂದ ಕಾರ್ಡಿಗೆ ಹತ್ತಿರಲಿಲ್ಲ, ಅಷ್ಟೆ. ಆದರೆ ಐದು ವರ್ಷದ ಡಿಪಿಟಿ ಬೂಸ್ಟರ್ ನಿಜಕ್ಕೂ ಆಗಿರಲಿಲ್ಲ. ಉಪಕೇಂದ್ರದಲ್ಲಿ ಲಸಿಕೆ ಹಾಕುವ ದಿನ ಗುರುವಾರ, ಮುಂದಿನ ಗುರುವಾರವೇ ಹಾಕಿಸಿದೆವು. ಮಗ ಈ ಸಲ ಓಡಲಿಲ್ಲ, ಅತ್ತ ಅಷ್ಟೆ.

ಕಾಗದದಲ್ಲಿ ಖಾಲಿ ಕಂಡದ್ದು ಮೂರು, ಮೈಯಲ್ಲಿ ಖಾಲಿ ಇದ್ದದ್ದು ಒಂದು. ಆ ಒಂದು ಯಾಕೆ ತಪ್ಪಿತು ಅಂತ ಆಮೇಲೆ ತುಂಬ ಯೋಚನೆ ಮಾಡಿದೆ. ಉಳಿದ ಮನೆಗಳ ಕಾರ್ಡ್ ನೋಡಿದಾಗಲೂ ಇದೇ ಕಥೆ ಕಂಡಿತು. ಎರಡು ವರ್ಷದವರೆಗಿನ ಸಾಲುಗಳು ತುಂಬಿರುತ್ತವೆ. ಆಶಾ ಕಾರ್ಯಕರ್ತೆ ಬಿಡುವುದಿಲ್ಲ, ಮನೆ ಬಾಗಿಲಿಗೆ ಬಂದು ಕರೆದೊಯ್ಯುತ್ತಾಳೆ. ಎರಡು ವರ್ಷ ದಾಟಿದ ಮೇಲೆ ಮೂರು ವರ್ಷ ಯಾವ ಸೂಜಿಯೂ ಇಲ್ಲ. ಕಾರ್ಡ್ ಟ್ರಂಕಿನ ತಳ ಸೇರುವುದು ಆಗಲೇ. ಐದರಿಂದ ಆರು ವರ್ಷದೊಳಗೆ ಒಂದು ಡಿಪಿಟಿ ಬಾಕಿ ಇದೆ ಅನ್ನುವ ಹೊತ್ತಿಗೆ ಮಗು ಅಂಗನವಾಡಿ ಬಿಡುತ್ತಿರುತ್ತದೆ, ಶಾಲೆ ಇನ್ನೂ ಹಿಡಿದಿರುವುದಿಲ್ಲ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು, ಸೂಜಿ ಆರೋಗ್ಯ ಇಲಾಖೆಯದು. ತೋಟದ ಭಾಷೆಯಲ್ಲಿ ಹೇಳುವುದಾದರೆ ಮೂರು ಮನೆಯ ಗಡಿ ಕೂಡುವ ಮೂಲೆಯ ಮರ ಅದು. ಮದ್ದು ಹೊಡೆಯುವುದನ್ನು ಮೂವರೂ ಇನ್ನೊಬ್ಬರಿಗೆ ಬಿಟ್ಟಿರುತ್ತಾರೆ.

ನನ್ನ ದೊಡ್ಡ ವಿನಂತಿ ಇಲ್ಲಿದೆ. ಕಾರ್ಡ್ ಕೇಳುವುದನ್ನು ಜೂನ್‌ನಿಂದ ಕಿತ್ತು ಜನವರಿಗೆ ತನ್ನಿ. ಅದೂ ಶಾಲೆ ಸೇರುವ ವರ್ಷದ ಜನವರಿಯಲ್ಲ, ಅಂಗನವಾಡಿಗೆ ಬಂದ ಮೊದಲ ಜನವರಿ. ಇದು ಬರೀ ಮಳೆಯ ವಿಷಯವಲ್ಲ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯ ಪ್ರಕಾರ ತಪ್ಪಿದ ದಡಾರ-ರುಬೆಲ್ಲಾ ಡೋಸನ್ನು ಐದು ವರ್ಷದವರೆಗೆ ಹಾಕಬಹುದು, ಪೋಲಿಯೊ ಹನಿಯನ್ನೂ ಐದರವರೆಗೆ. ಡಿಪಿಟಿಗೆ ಏಳು ವರ್ಷದವರೆಗೆ ಅವಕಾಶ. ಮಗು ಒಂದನೇ ತರಗತಿಯ ಬಾಗಿಲಿಗೆ ಬರುವಾಗ ಅದಕ್ಕೆ ಆರರ ಆಸುಪಾಸು. ಅಂದರೆ ನಾವು ಜೋರುಮಾಡಿ ಕಾರ್ಡ್ ಕೇಳುವ ಹೊತ್ತಿಗೆ ದಡಾರದ ಗಡುವು ದಾಟಿ ವರ್ಷವಾಗಿರುತ್ತದೆ. ಆಮೇಲೆ ವೈದ್ಯರನ್ನು ಕಂಡು, ಅವರು ಹೇಳಿದಂತೆ ಬೇರೆ ದಾರಿ ಹುಡುಕಬೇಕು. ಪೇಟೆಯವರಿಗೆ ಅದು ಕಷ್ಟವಲ್ಲ. ನಮಗೆ ಒಂದು ದಿನದ ಕೂಲಿ, ಬಸ್ಸಿನ ದುಡ್ಡು, ಮತ್ತೆ ಖಾಸಗಿ ಆಸ್ಪತ್ರೆಯ ಬಿಲ್ಲು. ಅದೇ ಕಾರ್ಡನ್ನು ಮೂರೂವರೆ ವರ್ಷದಲ್ಲಿ ಅಂಗನವಾಡಿ ಟೀಚರ್ ಒಮ್ಮೆ ಬಿಡಿಸಿ ನೋಡಿದ್ದರೆ ಗುರುವಾರದ ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಕೆಲಸ. ಅವರಿಗೆ ಈಗಾಗಲೇ ಇರುವ ರಿಜಿಸ್ಟರುಗಳ ಹೊರೆ ನನಗೆ ಗೊತ್ತು. ಇನ್ನೊಂದು ರಿಜಿಸ್ಟರ್ ಕೊಡಿ ಅನ್ನುತ್ತಿಲ್ಲ. ಯಾವ ಮಗುವಿಗೆ ಯಾವುದು ಬಾಕಿ ಅನ್ನುವ ಒಂದು ಚೀಟಿ ಸಿಸ್ಟರ್ ಕೈ ಸೇರಲಿ. ಮಗು ಅಂಗನವಾಡಿಯಿಂದ ಶಾಲೆಗೆ ಹೋಗುವಾಗ ಅದೇ ಚೀಟಿ ಮೇಷ್ಟ್ರ ಕೈ ಸೇರಲಿ.

ದಡಾರಕ್ಕೆ ಇಷ್ಟೇಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಮ್ಮ ಹಿರಿಯರಲ್ಲಿ ಈಗಲೂ ಕೆಲವರು "ಅಮ್ಮ ಆದರೆ ಆಗಲಿ, ಬೇವಿನ ಸೊಪ್ಪು ಹಾಸಿ ಮಲಗಿಸಿದರಾಯಿತು" ಅನ್ನುತ್ತಾರೆ. ಮಾರಿಕಾಂಬೆಯ ಮೇಲಿನ ಭಕ್ತಿ ನನಗೂ ಇದೆ, ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದನ್ನು ನಾನೂ ಕಾಯುತ್ತೇನೆ. ಆದರೆ ದಡಾರ ಹರಡುವ ರೀತಿ ಬೇರೆಯೇ. ಲಸಿಕೆ ಇಲ್ಲದವರ ನಡುವೆ ಒಂದು ಮಗುವಿನಿಂದ ಹನ್ನೆರಡರಿಂದ ಹದಿನೆಂಟು ಜನಕ್ಕೆ ತಗಲುತ್ತದೆ. ಕೆಮ್ಮಿದ ಮಗು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ಅದು ಇರುತ್ತದೆ. ಮಳೆಗಾಲದಲ್ಲಿ ನಮ್ಮ ಶಾಲೆಯ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಎರಡು ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಹರಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಇರುವುದು 41 ಮಕ್ಕಳು. ಆ ಲೆಕ್ಕದಲ್ಲಿ ಬಿಟ್ಟುಹೋಗಬಹುದಾದವರು ಇಬ್ಬರೇ. ಬೇರೆ ಕಾಯಿಲೆ ಇದ್ದು ವೈದ್ಯರೇ ಲಸಿಕೆ ಬೇಡ ಅಂದ ಮಗುವೊಂದಿದ್ದರೆ ಆ ಜಾಗ ಅದಕ್ಕೆ ಬೇಕು. ನನ್ನ ಸೋಮಾರಿತನ ಅಲ್ಲಿ ಹೋಗಿ ಕೂರುವಂತಿಲ್ಲ.

ಎರಡನೆಯದು, ನಾನೇ ಬರೆದು ನಾನೇ ಮಸಿ ಬಳಿದ ಆ ಸಾಲಿನ ವಿಷಯ. ಕಾರ್ಡ್ ಇಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸಬಾರದು ಅಂತ ಲಿಖಿತವಾಗಿ ಎಲ್ಲ ಶಾಲೆಗೂ ತಿಳಿಸಿ, ಖಾಸಗಿಯವರಿಗೂ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೇ ಪ್ರವೇಶ ನಿರಾಕರಿಸುವಂತಿಲ್ಲ ಅನ್ನುತ್ತದೆ. ಜನನ ಪತ್ರಕ್ಕೇ ಇಲ್ಲದ ಜೋರು ತಾಯಿ ಕಾರ್ಡಿಗೆ ಎಲ್ಲಿಂದ ಬಂತು? 2022ರ ಮೇ 2ರಂದು ಸುಪ್ರೀಂ ಕೋರ್ಟ್ ಕೊರೊನಾ ಲಸಿಕೆಯ ಪ್ರಕರಣದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದೂ ಹೇಳಿದೆ. ಕಾನೂನು ಹಾಗಿರಲಿ. ವ್ಯವಹಾರದ ಲೆಕ್ಕ ನೋಡಿದರೂ ಇದು ನಷ್ಟವೇ. ಹೊರಗೆ ಕಳಿಸಿದ ಮಗು ಸಿಸ್ಟರ್ ಕೈಗೆ ಸಿಗುವುದಿಲ್ಲ. ಒಳಗಿದ್ದರೆ ಶಾಲೆಗೆ ತಪಾಸಣೆಗೆ ಬರುವ ವೈದ್ಯರ ತಂಡಕ್ಕೂ ಸಿಗುತ್ತದೆ, ಹತ್ತು ವರ್ಷಕ್ಕೆ, ಹದಿನಾರಕ್ಕೆ ಹಾಕುವ ಧನುರ್ವಾಯು-ಗಂಟಲುಮಾರಿಯ ಟಿಡಿ ಲಸಿಕೆಗೂ ಸಿಗುತ್ತದೆ.

ಇನ್ನೊಂದನ್ನೂ ಕಂಡಿದ್ದೇನೆ. ಪೇಟೆಯ ಒಂದು ಶಾಲೆಯವರು ನಮ್ಮ ಪರಿಚಯದವರೊಬ್ಬರಿಗೆ, "ಸರ್ಟಿಫಿಕೇಟ್ ಇಲ್ಲದಿದ್ದರೆ ಸೀಟಿಲ್ಲ, ಎರಡು ದಿನ ಟೈಮ್" ಅಂದರಂತೆ. ಎರಡು ದಿನದಲ್ಲಿ ಸರ್ಟಿಫಿಕೇಟ್ ಬಂತು! ಎಲ್ಲ ಸಾಲೂ ತುಂಬಿತ್ತು, ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ. ಆರು ವರ್ಷದ ಸಾಲುಗಳು ಒಂದೇ ಸಂಜೆ ತುಂಬಿದ್ದು ಶಾಲೆಯವರ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ಫೈಲಿಗೆ ಸಾಕಾಯಿತೋ. ಆ ಮಗುವಿಗೆ ಬಾಕಿ ಇದ್ದ ಸೂಜಿ ಇನ್ನು ಯಾರ ಪಟ್ಟಿಯಲ್ಲೂ ಬರುವುದಿಲ್ಲ. "ಗೊತ್ತಿಲ್ಲ" ಅಂತ ಖಾಲಿ ಬಿಟ್ಟ ಸಾಲು ಇದಕ್ಕಿಂತ ಸಾವಿರ ಪಾಲು ವಾಸಿ, ಖಾಲಿ ಕಂಡರೆ ಯಾರಾದರೂ ಕೇಳಿಯಾರು.

ಹಾಗಾಗಿ ನೋಟಿಸಿನ ಮಾತೇ ಬದಲಾಗಬೇಕು. ಈ ವರ್ಷ ನಾವು ಹೀಗೆ ಬರೆದಿದ್ದೇವೆ: "ಮಗುವಿನ ತಾಯಿ ಕಾರ್ಡ್ ಇದ್ದರೆ ತನ್ನಿ. ತವರಿನಲ್ಲಿದ್ದರೆ ಫೋಟೊ ತೆಗೆಸಿ ತರಿಸಿ. ಕಳೆದಿದ್ದರೆ ಗುರುವಾರ ಉಪಕೇಂದ್ರಕ್ಕೆ ಬನ್ನಿ, ಸಿಸ್ಟರ್ ಹತ್ತಿರ ರಿಜಿಸ್ಟರ್ ಇದೆ. ಎಲ್ಲಿ ಹೆರಿಗೆಯಾಯಿತು, ಆಗ ಯಾವ ಫೋನ್ ನಂಬರ್ ಕೊಟ್ಟಿದ್ದಿರಿ, ನೆನಪಿಟ್ಟುಕೊಂಡು ಬನ್ನಿ. ಮಗುವನ್ನು ಶಾಲೆಗೆ ಕಳಿಸುವುದನ್ನು ಇದಕ್ಕಾಗಿ ನಿಲ್ಲಿಸಬೇಡಿ." ಉದ್ದವಾಯಿತು, ದಪ್ಪ ಅಕ್ಷರಕ್ಕೆ ಜಾಗ ಸಾಲಲಿಲ್ಲ.

ಫೋನ್ ನಂಬರಿನ ಮಾತು ಸುಮ್ಮನೆ ಹಾಕಿದ್ದಲ್ಲ. ಈಗ ಯು-ವಿನ್ ಬಂದಿದೆ. ಕೊರೊನಾ ಕಾಲದ ಕೋವಿನ್ ಇದ್ದಂತೆ, ಯಾವ ಊರಲ್ಲಿ ಹಾಕಿಸಿದರೂ ಅದರಲ್ಲಿ ದಾಖಲಾಗಬೇಕು, ಪ್ರಮಾಣಪತ್ರ ಫೋನಿಗೇ ಬರಬೇಕು. ತವರಿಗೂ ಗಂಡನ ಮನೆಗೂ ಓಡಾಡುವ ಕಾರ್ಡಿಗೆ, ಗುಳೆ ಬಂದವರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಒಪ್ಪಿದೆ. ಆದರೆ ನಂಬರ್ ಯಾರದು? ಹೆರಿಗೆಯ ದಿನ ಜೊತೆಗಿದ್ದ ಅಣ್ಣನದೋ ಚಿಕ್ಕಮ್ಮನದೋ ಕೊಟ್ಟಿರುತ್ತಾರೆ. ರೀಚಾರ್ಜ್ ಮಾಡಿಸದೆ ಆ ಸಿಮ್ ಸತ್ತು ಎರಡು ವರ್ಷವಾಗಿರುತ್ತದೆ. ಒಟಿಪಿ ಎಲ್ಲಿಗೋ ಹೋಗುತ್ತದೆ. ನಮ್ಮೂರಿನಲ್ಲಿ ಸರಿಯಾದ ನಂಬರಿಗೂ ಒಟಿಪಿ ಬರಬೇಕೆಂದರೆ ದೇವಸ್ಥಾನದ ಹಿಂದಿನ ದಿಬ್ಬ ಹತ್ತಬೇಕು. ಆದ್ದರಿಂದ ನಂಬರ್ ಬದಲಿಸಿಕೊಡುವ ಕೆಲಸ ಉಪಕೇಂದ್ರದ ಮಟ್ಟದಲ್ಲೇ ಸುಲಭವಾಗಿ ಆಗುವಂತಿರಲಿ, ಮತ್ತು ಸಿಸ್ಟರ್ ಹತ್ತಿರದ ಹಳೆಯ ರಿಜಿಸ್ಟರುಗಳನ್ನು ಆನ್‌ಲೈನ್ ಆಯಿತೆಂದು ರದ್ದಿಗೆ ಹಾಕಬೇಡಿ. ನನ್ನ ಮಗನ ಎರಡು ಸೂಜಿಗೆ ಈ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಅದು.

ಗುರುವಾರದ ಬಗ್ಗೆಯೂ ಒಂದು ಮಾತು. ಕೂಲಿಗೆ ಹೋಗುವ ತಾಯಿಗೆ ವಾರದ ನಡುವಿನ ಒಂದು ದಿನ ಬಿಡುವುದು ಸಣ್ಣ ಸಂಗತಿಯಲ್ಲ. ಅಡಿಕೆ ಸುಗ್ಗಿಯಲ್ಲಂತೂ ರಾತ್ರಿ ಹನ್ನೊಂದರವರೆಗೆ ಸುಲಿದು ಬೆಳಿಗ್ಗೆ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಅಂಥವಳು ಬಂದಾಗ "ಇವತ್ತು ಇಲ್ಲ, ಮುಂದಿನ ವಾರ" ಅನ್ನಿಸಿಕೊಂಡರೆ ಅವಳು ಮತ್ತೆ ಬರುವುದಿಲ್ಲ. ದಡಾರದ ಲಸಿಕೆಯ ಸೀಸೆ ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಂತೆ, ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದಂತೆ. ಒಂದೇ ಮಗುವಿಗೆ ಒಡೆದು ಉಳಿದದ್ದನ್ನು ಚೆಲ್ಲಲು ಯಾವ ಸಿಸ್ಟರ್‌ಗಾದರೂ ಕೈ ಬರುವುದಿಲ್ಲ. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಚೆಲ್ಲಿದ ಲೆಕ್ಕಕ್ಕೆ ಅವರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಕೇಳುವುದಿಲ್ಲವೆಂದು ಮೇಲಿನವರು ಗಟ್ಟಿಯಾಗಿ ಹೇಳಿದರೆ ಕೈ ಬಂದೀತು.

ಆರೋಗ್ಯಾಧಿಕಾರಿಗಳಲ್ಲಿ ಇನ್ನೊಂದು ಮಾತು ಆಡಲೇಬೇಕು. ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗದಿರಬಹುದು, ನಿಮಗೆ ಆಗುತ್ತದೆ. ನಮ್ಮ ಕಡೆ ಲಸಿಕೆ ಅಂದರೆ ವಯಸ್ಸಾದವರ ಕಿವಿಗೆ ಬೀಳುವುದು ಮಂಗನ ಕಾಯಿಲೆಯ ಲಸಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಆ ಕಾಯಿಲೆ ಲೋಕಕ್ಕೆ ಗೊತ್ತಾಯಿತು, ಊರಿನ ಹೆಸರೇ ಕಾಯಿಲೆಗೆ ಬಂತು. ನಾವು ಆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ ಹಾಕಿಸಿಕೊಂಡವರು. ಉರಿ ಅಂದರೆ ಉರಿ, ನನಗೆ ಎರಡು ದಿನ ತೋಳು ಎತ್ತಲಿಕ್ಕಾಗುತ್ತಿರಲಿಲ್ಲ. ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದುಂಟು. 2022ರಲ್ಲಿ, ಅದು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕೊಡುವುದನ್ನೇ ನಿಲ್ಲಿಸಲಾಯಿತು. ನಿಲ್ಲಿಸಿದ್ದು ಸರಿಯೇ. ಹೊಸದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೆಲಸ ನಡೆಸಿದೆ ಎಂದೂ ಓದಿದ್ದೇನೆ. ಆದರೆ ನಮ್ಮೂರಿಗೆ ಯಾರೂ ಬಂದು ಕೂತು, "ಇಷ್ಟು ವರ್ಷ ಹಾಕಿದ್ದು ಹೀಗೆ, ಈಗ ನಿಲ್ಲಿಸಿದ್ದು ಇದಕ್ಕೆ" ಅಂತ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜ ಈಗ ಮೊಮ್ಮಗನ ಸೂಜಿಯ ಮಾತು ಬಂದಾಗಲೆಲ್ಲ, "ಎಂತ ಲಸಿಕೆ ಮಾರಾಯ, ನಂಗೆ ಹಾಕಿದ್ದನ್ನ ಅವ್ರೇ ಸುಳ್ಳು ಅಂದ್ರಲ್ಲ" ಅನ್ನುತ್ತಾನೆ. ಅವನಿಗೆ ನಾನು ಏನು ಹೇಳಲಿ? ಅದು ಬೇರೆ, ಇದು ಬೇರೆ, ದಡಾರದ್ದು, ಪೋಲಿಯೊದ್ದು ದಶಕಗಳಿಂದ ಲೋಕವೆಲ್ಲ ಹಾಕಿ ನೋಡಿದ್ದು ಅನ್ನುತ್ತೇನೆ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನಿಂದ ಒಂದು ಮಗುವೂ ಕುಂಟಾಗಿಲ್ಲ ಅನ್ನುತ್ತೇನೆ. ಅಜ್ಜ ನನ್ನ ಮುಖ ನೋಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ಬಿಳಿ ಕೋಟಿನವರು ಒಂದು ಸಂಜೆ ಬಂದು ಹೇಳಿದರೆ ಬೇರೆ.

ಹೆದರಿದವರ ಮೇಲೆ ಸಿಟ್ಟು ಮಾಡುವ ಯೋಗ್ಯತೆ ನನಗಂತೂ ಇಲ್ಲ. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲೆಲ್ಲ ದಡಾರ-ರುಬೆಲ್ಲಾ ಅಭಿಯಾನ ನಡೆಯಿತು, ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ. ಮಗಳು ಆಗ ಅಂಗನವಾಡಿಯಲ್ಲಿದ್ದಳು. ವಾಟ್ಸಾಪ್‌ನಲ್ಲಿ ಏನೇನೋ ಓಡಾಡಿತು. ಮುಂದೆ ಮಕ್ಕಳಾಗುವುದಿಲ್ಲವಂತೆ, ಎಲ್ಲೋ ಒಂದು ಊರಲ್ಲಿ ಮಗು ಬಿದ್ದೇಹೋಯಿತಂತೆ. ಡಿಗ್ರಿ ಓದಿದ ನಾನೇ ಆ ದಿನ ಮಗಳನ್ನು ಮನೆಯಲ್ಲಿ ಉಳಿಸಿಕೊಂಡೆ. ಬೇಡ ಅನ್ನುವ ಧೈರ್ಯವೂ ಇರಲಿಲ್ಲ, ಹಾಕಿಸುವ ಧೈರ್ಯವೂ ಇರಲಿಲ್ಲ, "ಹೊಟ್ಟೆನೋವು" ಅಂತ ಹೇಳಿ ಕಳಿಸಿದೆ. ನಾಲ್ಕು ದಿನ ಬಿಟ್ಟು ಅಂಗನವಾಡಿ ಟೀಚರ್ ಮನೆಗೆ ಬಂದರು. ಒಂದೂ ಬೈಗುಳವಿಲ್ಲ. ಕಾಫಿ ಕುಡಿದು, "ನನ್ನ ಮಗನಿಗೂ ಅವತ್ತೇ ಹಾಕಿಸಿದೆ, ನೋಡಿ ಅಲ್ಲಿ ಓಡ್ತಾ ಇದಾನೆ" ಅಂದರು. ಅಷ್ಟು ಸಾಕಾಯಿತು.

ಈಗ ನಮ್ಮ ಕಡೆಯ ಅಪ್ಪಂದಿರಿಗೆ. ಅಮ್ಮಂದಿರಿಗೆ ನ್ಯಾಯವಾಗಿ ಹೇಳುವಂಥದ್ದು ನನ್ನ ಬಳಿ ಏನೂ ಇಲ್ಲ. ಆ ಏಳು ಮನೆಗೆ ಹೋದಾಗ ಯಾವ ಸೂಜಿ ಯಾವಾಗ ಅಂತ ನೆನಪಿನಿಂದ ಹೇಳಿದವರು ಅವರೇ. ಅಪ್ಪಂದಿರು ಎಲ್ಲ ಕಡೆ ನನ್ನ ಹಾಗೆಯೇ ತೋಟದಲ್ಲಿದ್ದೆ ಅಂದರು. ತಾಯಿ ಕಾರ್ಡ್ ಅಂತ ಹೆಸರಿಟ್ಟವರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ! ಆದರೂ ಒಂದು ಮಾತು ಯೋಚನೆ ಮಾಡಿ. ಕತ್ತಿ ತಾಗಿದರೆ, ಕಾಲಿಗೆ ಮೊಳೆ ಚುಚ್ಚಿದರೆ, ಎಂಥ ಅಪ್ಪನೂ ಬೈಕ್ ಹತ್ತಿ "ಒಂದು ಟಿಟಿ ಹಾಕಿಸ್ಕಂಡು ಬರ್ತೆ" ಅಂತ ಓಡುತ್ತಾನೆ. ಧನುರ್ವಾಯುವಿನ ಹೆದರಿಕೆ ನಮಗೆ ಹೇಳಿಕೊಡಬೇಕಾಗಿಲ್ಲ, ಅದರ ಬೀಜ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ನಾವು ದಿನಾ ಕೈ ಹಾಕುವಲ್ಲಿ. ಮಗುವಿನ ಕಾರ್ಡಿನಲ್ಲಿ ಐದು ವರ್ಷದ ಸಾಲಿನಲ್ಲಿ ಖಾಲಿ ಇರುವ ಆ ಡಿಪಿಟಿಯ ಕೊನೆಯ ಅಕ್ಷರ ಅದೇ ಟಿಟಿಯದು. ಮೊದಲಿನೆರಡು ಗಂಟಲುಮಾರಿ ಮತ್ತು ನಾಯಿಕೆಮ್ಮು. ನಿಮಗೆ ಗಾಯವಾದರೆ ಅರ್ಧ ಗಂಟೆ ತಡೆಯುವುದಿಲ್ಲ, ಬರಿಗಾಲಲ್ಲಿ ಗೊಬ್ಬರದ ಗುಂಡಿಯ ಸುತ್ತ ಓಡುವ ಮಗುವಿನದನ್ನು ಒಂದು ವರ್ಷ ತಡೆದಿದ್ದೀರಿ. ನಾನೂ ತಡೆದಿದ್ದೆ.

ಶಿವಮೊಗ್ಗ ಪೇಟೆಯ, ಮಕ್ಕಳ ಡಾಕ್ಟರರ ಫೈಲು ಜೋಪಾನವಾಗಿಟ್ಟುಕೊಂಡ ಅಪ್ಪ-ಅಮ್ಮಂದಿರಿಗೂ ಒಂದು ಚಿಕ್ಕ ಮಾತು. ನಿಮ್ಮಲ್ಲಿ ದಾಖಲೆ ಇರುತ್ತದೆ, ಶಾಲೆಗೆ ಕೊಡಲು ಮರೆತಿರುತ್ತೀರಿ. ವಾರ್ಷಿಕೋತ್ಸವದ ಡ್ರೆಸ್ಸಿನ ಮೆಸೇಜಿಗೆ ಐದು ನಿಮಿಷದಲ್ಲಿ ಉತ್ತರ ಹಾಕುತ್ತೀರಲ್ಲ, ಇದಕ್ಕೂ ಹಾಕಿ.

ಮಾನ್ಯರೇ, ಬರುವ ಜೂನ್‌ನಲ್ಲಿ ನಮ್ಮ ಶಾಲೆಗೆ ಸೇರುವವರು ಏಳು ಮಕ್ಕಳು. ಅಂಗನವಾಡಿ ಟೀಚರ್, ಆಶಾ, ಸಿಸ್ಟರ್, ಮೇಷ್ಟ್ರು, ನಾನು ಸೇರಿ ಕಳೆದ ವಾರ ಶಾಲೆಯ ಜಗಲಿಯಲ್ಲಿ ಕೂತು ಹೆಸರು ಹಿಡಿದು ನೋಡಿದೆವು. ಬಿಸಿಯೂಟ ಮುಗಿದ ಮೇಲೆ ಕೂತದ್ದು, ಶಾಲೆ ಬಿಡುವುದರೊಳಗೆ ಎದ್ದೆವು. ನಾಲ್ಕು ಕಾರ್ಡ್ ಸಿಕ್ಕಿವೆ, ಅದರಲ್ಲಿ ಎರಡಕ್ಕೆ ಐದು ವರ್ಷದ ಡಿಪಿಟಿ ಬಾಕಿ. ಎರಡು ಕಾರ್ಡ್ ತವರಿನಲ್ಲಿವೆ, ಒಂದು ಸಿದ್ದಾಪುರದಲ್ಲಿ, ಇನ್ನೊಂದು ಶಿಕಾರಿಪುರದ ಕಡೆ ತಾಂಡಾದಲ್ಲಿ. ಏಳನೆಯದು ಎಲ್ಲಿದೆಯೆಂದು ಮನೆಯವರಿಗೂ ಗೊತ್ತಿಲ್ಲ, ಮಗು ಹುಟ್ಟಿದ ಆಸ್ಪತ್ರೆಯ ಊರು ಮಾತ್ರ ಗೊತ್ತು. ಸಿಸ್ಟರ್ ಅಲ್ಲಿಗೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ಅಂಗನವಾಡಿಯಲ್ಲಿರುವ ಇನ್ನೂ ಸಣ್ಣವರದ್ದನ್ನು ಫೆಬ್ರವರಿಯಲ್ಲಿ ನೋಡುವುದೆಂದು ಮಾತಾಗಿದೆ.

ಇದಕ್ಕೆ ನಮಗೆ ಯಾವ ಆದೇಶವೂ ಬಂದಿರಲಿಲ್ಲ, ನಾಲ್ಕು ಕಡೆಯವರು ಪರಿಚಯದವರಾದ್ದರಿಂದ ಒಂದು ಮಧ್ಯಾಹ್ನ ಕೂತೆವು. ಪರಿಚಯ ಇಲ್ಲದ ಕಡೆಯೂ ಹೀಗೆ ಕೂರುವಂತಾಗಬೇಕಾದರೆ ನಿಮ್ಮಿಬ್ಬರ ಸಹಿ ಇರುವ ಒಂದು ಹಾಳೆ ಬೇಕು. ಹೊಸನಗರ, ತೀರ್ಥಹಳ್ಳಿ, ಸೊರಬದ ಶಾಲೆಗಳಿಗೆ ಅದು ಮಾರ್ಚ್‌ನೊಳಗೆ ತಲುಪಲಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಜೂನ್‌ನಲ್ಲಿ ನಮಗೆ ಮಳೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ ಅಧ್ಯಕ್ಷ,
ಶರಾವತಿ ಹಿನ್ನೀರಿನ ಆಚೆ ದಡ, ಸಾಗರ ತಾಲೂಕು